ಚರಂಡಿ ಎಲ್ಲಿಂದ ಹೊರಡುತ್ತದೆ?

ಮುಂಗಾರಿನ ಮೊದಲ ಮಳೆ ಅಂದ ಕೂಡಲೆ ನಮ್ಮ ಕವಿಗಳಿಗೆ ಮಣ್ಣಿನ ವಾಸನೆ ನೆನಪಾಗುತ್ತದೆ. ಕವಿತೆ ಬರೆಯುವ ನಮಗೂ ಆ ವಾಸನೆ ಗೊತ್ತು, ಇಲ್ಲ ಅನ್ನುವುದಿಲ್ಲ. ಆದರೆ ಊರಿನ ತಗ್ಗಿನಲ್ಲಿ ಹುಟ್ಟಿ ಬೆಳೆದವರಿಗೆ ಮೊದಲ ಮಳೆಯ ಇನ್ನೊಂದು ವಾಸನೆಯೂ ಗೊತ್ತು. ಬೇಸಿಗೆಯುದ್ದಕ್ಕೂ ಮೇಲಿನ ಬೀದಿಗಳಲ್ಲಿ ಕಟ್ಟಿಕೊಂಡು ಒಣಗಿದ ಕಸ, ಸಗಣಿ, ಬಚ್ಚಲ ಕೆಸರು, ಪಾಯಿಖಾನೆಯ ಹೊಲಸು, ಪ್ಲಾಸ್ಟಿಕ್ಕು, ಸಂತೆಯಲ್ಲಿ ಕೊಳೆತ ತರಕಾರಿ ಎಲ್ಲವೂ ಒಂದೇ ಏಟಿಗೆ ಎದ್ದು, ಇಳಿಜಾರು ಹಿಡಿದು, ನಮ್ಮ ಕೇರಿಯ ಹೊಸ್ತಿಲಿಗೆ ಬಂದು ನಿಲ್ಲುತ್ತವೆ. "ಮಳಿ ಬಂತು ನೋಡ್ರಿ, ಊರೆಲ್ಲಾ ತೊಳದಂಗಾತು" ಅಂತ ಮೇಲಿನ ಬೀದಿಯವರು ಅಂತಾರೆ. ತೊಳೆದದ್ದು ಎಲ್ಲಿಗೆ ಹೋಯಿತು ಅಂತ ಕೇಳುವುದಿಲ್ಲ.

ಈ ಸಲದ ಸಂಪಾದಕೀಯವನ್ನು ಚರಂಡಿಗೆ ಬಿಟ್ಟುಕೊಟ್ಟಿದ್ದೇವೆ. ಭೂಮಿಯ ಪ್ರಶ್ನೆ ಇದೆ, ಮೀಸಲಾತಿಯ ಪ್ರಶ್ನೆ ಇದೆ, ದೇವದಾಸಿ ತಾಯಂದಿರ ಪ್ರಶ್ನೆ ಇದೆ, ಇವನ್ನೆಲ್ಲ ಬಿಟ್ಟು ಚರಂಡಿಯೇ ಅಂತ ಕೆಲವರು ಕೇಳಬಹುದು. ಪರಿಸರ ಅನ್ನೋದು ಹೊಟ್ಟೆ ತುಂಬಿದವರ ಮಾತು ಅಂತಲೂ ಅನ್ನಬಹುದು. ಹೊಟ್ಟೆ ತುಂಬಿದವರ ಪರಿಸರ ದೂರದ ಕಾಡಿನಲ್ಲಿ ಇದ್ದೀತು. ನಮ್ಮದು ಮನೆ ಮುಂದಿನ ಕಪ್ಪು ನೀರಿನಲ್ಲಿದೆ. ಆ ಕಪ್ಪು ನೀರಿನಲ್ಲಿ ಮುಳುಗಿರುವ ಕುಡಿಯುವ ನೀರಿನ ಪೈಪಿನಲ್ಲಿದೆ. ಆ ಕಪ್ಪು ನೀರಿಗೆ ಇಳಿಯುವ ನಮ್ಮ ಅಣ್ಣಂದಿರ, ಅಕ್ಕಂದಿರ ಕೈಕಾಲಿನಲ್ಲಿದೆ. ಇದನ್ನು ಬಿಟ್ಟು ಯಾವ ಸ್ವಾಭಿಮಾನದ ಮಾತು ಆಡೋಣ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನ ಯಾವುದೇ ಹಳ್ಳಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ ನಿಂತು ನೀರು ಹರಿಯುವ ದಿಕ್ಕು ನೋಡಿ. ಆ ದಿಕ್ಕು ಹಿಡಿದು ನಡೆದರೆ ಎಷ್ಟೋ ಊರಲ್ಲಿ ಕೊನೆಗೆ ಸಿಗುವುದು ಹೊಲಗೇರಿ, ಮಾದಿಗರ ಕೇರಿ. ಇದು ದೇವರು ಮಾಡಿದ ಇಳಿಜಾರಲ್ಲ. ಯಾರು ಎತ್ತರದಲ್ಲಿ ಮನೆ ಕಟ್ಟಬೇಕು, ಯಾರು ತಗ್ಗಿನಲ್ಲಿ ಗುಡಿಸಲು ಹಾಕಬೇಕು ಅನ್ನುವುದನ್ನು ಮನುಷ್ಯರೇ ತೀರ್ಮಾನ ಮಾಡಿದರು. ನೀರಿಗೆ ಜಾತಿ ಇಲ್ಲ ಅಂತ ಭಾಷಣದಲ್ಲಿ ಹೇಳುತ್ತಾರೆ. ಇರಬಹುದು. ಆದರೆ ನೀರು ಹರಿಯುವ ನೆಲಕ್ಕೆ ಜಾತಿಯ ಅಳತೆ ಹಾಕಿ ಇಟ್ಟಿದ್ದಾರೆ.

ಚರಂಡಿ ಅನ್ನುವುದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನೋಡೋಣ. ಮಳೆ ನೀರು ಬೇರೆ, ಬಚ್ಚಲ ನೀರು ಬೇರೆ, ಪಾಯಿಖಾನೆಯ ನೀರು ಬೇರೆ. ಮಳೆ ನೀರಿಗೆ ಕೆರೆಗೆ ಹೋಗುವ ಕಾಲುವೆ ಬೇಕು, ಬಚ್ಚಲ ನೀರಿಗೆ ಇಂಗು ಗುಂಡಿಯೋ ತೋಟವೋ ಬೇಕು, ಪಾಯಿಖಾನೆಗೆ ಮುಚ್ಚಿದ ಗುಂಡಿ ಬೇಕು. ನಮ್ಮ ಊರುಗಳಲ್ಲಿ ಈ ಮೂರಕ್ಕೂ ಎಷ್ಟೋ ಕಡೆ ಒಂದೇ ತೆರೆದ ಚರಂಡಿ. ಬೇಸಿಗೆಯಲ್ಲಿ ನೀರು ಕಡಿಮೆ, ಹೊಲಸು ತಳದಲ್ಲಿ ಕೂರುತ್ತದೆ. ಮಳೆ ಬಿದ್ದಾಗ ಮೊದಲ ಅರ್ಧ ಗಂಟೆಯ ನೀರೇ ಎಲ್ಲಕ್ಕಿಂತ ಕೆಟ್ಟದ್ದು, ಕೂಡಿಟ್ಟ ಹೊಲಸನ್ನೆಲ್ಲ ಅದು ಹೊತ್ತು ತರುತ್ತದೆ. ಆಮೇಲಿನ ಮಳೆ ಅಷ್ಟು ಕೊಳಕಲ್ಲ. ಆದ್ದರಿಂದ ಬರದ ಸೀಮೆಯ ಚರಂಡಿ ಮಲೆನಾಡಿನ ಚರಂಡಿಗಿಂತ ಅಪಾಯದ್ದು. ನಮ್ಮಲ್ಲಿ ಮಳೆ ಅಪರೂಪ, ಹೊಲಸು ಕೂಡುವುದಕ್ಕೆ ತಿಂಗಳುಗಟ್ಟಲೆ ಹೊತ್ತು ಸಿಗುತ್ತದೆ.

ಇದರ ಮೇಲೆ ಸಿಸಿ ರಸ್ತೆ ಬಂತು. ಕಾಲೋನಿಗೆ ಅಭಿವೃದ್ಧಿ ಅಂದರೆ ಸಿಸಿ ರಸ್ತೆ ಅಂತಾಗಿದೆ. ಮೊದಲು ಮಣ್ಣು ಒಂದಿಷ್ಟು ನೀರು ಕುಡಿಯುತ್ತಿತ್ತು. ಸಿಮೆಂಟು ಕುಡಿಯುವುದಿಲ್ಲ, ಬಿದ್ದದ್ದನ್ನೆಲ್ಲ ಮುಂದಕ್ಕೆ ನೂಕುತ್ತದೆ. ಹಳೆಯ ರಸ್ತೆ ಕೀಳದೆ ಅದರ ಮೇಲೇ ಇನ್ನೊಂದು ಪದರ ಸುರಿಯುತ್ತಾರೆ. ರಸ್ತೆ ಮೇಲೇರುತ್ತದೆ, ಮನೆ ಕೆಳಗೆ ಉಳಿಯುತ್ತದೆ. "ರಸ್ತೆ ಆತು, ಈಗ ನೀರು ಒಳಾಕ ಬರ್ತೈತಿ" ಅನ್ನುವ ಅಜ್ಜಿಯರು ಎಷ್ಟು ಕೇರಿಗಳಲ್ಲಿಲ್ಲ? ರಾಜ್ಯದಲ್ಲಿ ೨೦೧೩ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಯ ಕಾಯಿದೆ ಬಂತು, ನಮ್ಮ ಜನಸಂಖ್ಯೆಯ ಲೆಕ್ಕಕ್ಕೆ ಹಣ ತೆಗೆದಿಡಬೇಕು ಅಂತ. ಆ ಹಣದಲ್ಲಿ ನಮ್ಮ ಕೇರಿಗೆ ಚರಂಡಿ ಕಟ್ಟುವುದು ಸರಿ. ಆದರೆ ಮೇಲಿನ ಓಣಿಯ ಕೊಳೆಯನ್ನು ನಮ್ಮ ಕೇರಿಯ ಮೂಲಕ ದಾಟಿಸುವ ಚರಂಡಿಯನ್ನು ನಮ್ಮ ಹೆಸರಿನ ಹಣದಲ್ಲಿ ಕಟ್ಟಿದರೆ ಅದು ಯಾರ ಅಭಿವೃದ್ಧಿ? ಈ ಲೆಕ್ಕವನ್ನು ನಾವು ಕೇಳಬೇಕು.

ಇನ್ನು ಕೇರಿ ದಾಟಿದ ನೀರಿನ ದಾರಿ. ಚಿಕ್ಕ ಹಗರಿ ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಹರಿದು ತುಂಗಭದ್ರಾ ಜಲಾಶಯದ ಹಿನ್ನೀರು ಸೇರುತ್ತದೆ. ಹಡಗಲಿಗೂ ಹರಪನಹಳ್ಳಿಯ ಪಡುವಣ ಅಂಚಿಗೂ ತುಂಗಭದ್ರೆಯೇ ಎಲ್ಲೆ. ಕೂಡ್ಲಿಗಿಯ ಹಳ್ಳಗಳು ಒಂದಷ್ಟು ಇತ್ತ, ಒಂದಷ್ಟು ವೇದಾವತಿಯ ಕಡೆಗೆ ಹೋದರೂ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಕಡಲನ್ನೇ ಕಾಣದ ಕೊಟ್ಟೂರಿನ ಚರಂಡಿಯೂ ಒಂದು ದಿನ ಕಡಲಿಗೆ ಹೋಗುತ್ತದೆ. ಕಡಲು ಕೆಟ್ಟಿತು ಅಂತ ಕರಾವಳಿಯಲ್ಲಿ ನಿಂತು ಅಳುವವರು ಒಂದು ಸಲ ಹೊಳೆಯ ದಾರಿ ಹಿಡಿದು ಮೇಲಕ್ಕೆ ನಡೆದು ಬರಬೇಕು.

ನಮಗೆ ಮಾತ್ರ ಕಡಲು ದೂರ, ಹಿನ್ನೀರು ಹತ್ತಿರ. ಕಣ್ಣು ಹರಿಯುವಷ್ಟು ದೂರ ನೀರು ನಿಂತಿರುವ ಆ ಹಿನ್ನೀರೇ ನಮ್ಮ ಕಡಲು. ೧೯೫೩ರಲ್ಲಿ ಜಲಾಶಯ ತುಂಬಿದಾಗ ಸುಮಾರು ೧೩೩ ಟಿಎಂಸಿ ನೀರು ಹಿಡಿಯುತ್ತಿತ್ತು. ೨೦೧೬ರ ಅಳತೆಯಲ್ಲಿ ಅದು ಸುಮಾರು ೧೦೫ಕ್ಕೆ ಇಳಿದಿತ್ತು. ಉಳಿದ ಜಾಗ ಹೂಳು ತಿಂದಿದೆ. ಹೂಳು ಎಲ್ಲಿಂದ ಬಂತು? ಬೋಳಾದ ಗುಡ್ಡದಿಂದ, ಒಡ್ಡಿಲ್ಲದ ಹೊಲದಿಂದ, ಅಗೆದು ಬಿಟ್ಟ ನೆಲದಿಂದ, ಮಳೆ ನೀರಿನ ಜೊತೆಗೇ ಬಂತು. ಹೂಳಿನ ಜೊತೆಗೆ ಹೊಲದ ಗೊಬ್ಬರ, ಊರ ಹೊಲಸು ಬಂತು. ಗೊಬ್ಬರವೂ ಹೊಲಸೂ ನೀರಿಗೆ ಸೇರಿದರೆ ಪಾಚಿ ಬೆಳೆಯುತ್ತದೆ, ನೀರು ಹಸಿರಾಗುತ್ತದೆ. ಹಿನ್ನೀರು ಹಸಿರುಗಟ್ಟಿದ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ.

ಇಲ್ಲೊಂದು ತಮಾಷೆ ಇದೆ, ನಗು ಬಾರದ ತಮಾಷೆ. ಕೂಡ್ಲಿಗಿಯಿಂದ ಪಾವಗಡದವರೆಗೆ ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ಜನಕ್ಕೆ ಅಂತ ಮಾಡಿದ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ನೀರು ಇದೇ ಹಿನ್ನೀರಿನದು. ಕೂಡ್ಲಿಗಿಯ ೭೪ ಕೆರೆ ತುಂಬಿಸುವ ಯೋಜನೆಗೂ ತುಂಗಭದ್ರೆಯ ನೀರೇ. ಅಂದರೆ ನಾವು ಚರಂಡಿಗೆ ಬಿಟ್ಟದ್ದು ಸುತ್ತು ಹೊಡೆದು ನಮ್ಮ ಕೊಡಕ್ಕೇ ಬರುತ್ತದೆ. ಅದನ್ನು ಶುದ್ಧ ಮಾಡುವ ಖರ್ಚು, ಕೆಟ್ಟರೆ ಬರುವ ರೋಗ, ಎರಡೂ ಜನದ ಮೇಲೆ. ಅದರಲ್ಲೂ ಮನೆಯಲ್ಲಿ ಫಿಲ್ಟರು ಇಟ್ಟುಕೊಳ್ಳಲಾರದ, ಇಪ್ಪತ್ತು ಲೀಟರಿನ ಕ್ಯಾನು ದಿನಾ ಕೊಳ್ಳಲಾರದ ಜನದ ಮೇಲೆ.

ಹಡಗಲಿ ತಾಲೂಕಿನ ಮಕರಬ್ಬಿಯನ್ನು ಮರೆಯಬೇಡಿ. ವಿಜಯನಗರ ಜಿಲ್ಲೆಯ ಉದ್ಘಾಟನೆ ಆದದ್ದು ೨೦೨೧ರ ಅಕ್ಟೋಬರ್ ೨ರಂದು, ಹೊಸಪೇಟೆಯಲ್ಲಿ. ಅದೇ ದಿನಗಳಲ್ಲಿ ಅದೇ ಹೊಸ ಜಿಲ್ಲೆಯ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಜನ ಸತ್ತರು, ನೂರಾರು ಜನ ವಾಂತಿ ಭೇದಿಯಿಂದ ಹಾಸಿಗೆ ಹಿಡಿದರು. ಪೈಪು ಹಾಕುವ ಕೆಲಸದಲ್ಲಿ ಕುಡಿಯುವ ನೀರಿನ ಕೊಳವೆಗೆ ಪೆಟ್ಟು ಬಿದ್ದು ಕೊಳಚೆ ಸೇರಿತು ಅಂತ ಪತ್ರಿಕೆಗಳು ಬರೆದವು. ಸರ್ಕಾರ ಸತ್ತವರ ಮನೆಯವರಿಗೆ ೩ ಲಕ್ಷ ರೂಪಾಯಿ ಪರಿಹಾರ ಸಾರಿತು, ತನಿಖೆಗೆ ಐಎಎಸ್ ಅಧಿಕಾರಿಯನ್ನು ನೇಮಿಸಿತು. ಒಂದು ಕೊಡ ನೀರು ಜೀವ ತೆಗೆಯುವುದಕ್ಕೆ ವಿಷವೇ ಬೇಕಾಗಿಲ್ಲ. ಚರಂಡಿಗೂ ನಲ್ಲಿಗೂ ನಡುವೆ ಬೆರಳಗಲದ ತೂತು ಇದ್ದರೆ ಸಾಕು.

ನಮ್ಮ ನೆರೆಯ ಚಿತ್ರದುರ್ಗದಲ್ಲಿ, ಕವಾಡಿಗರಹಟ್ಟಿಯ ಪರಿಶಿಷ್ಟರ ಕೇರಿಯಲ್ಲಿ, ೨೦೨೩ರ ಆಗಸ್ಟಿನಲ್ಲಿ ಮತ್ತೆ ಅದೇ ಆಯಿತು. ಕಲುಷಿತ ನೀರು, ವಾಂತಿ, ಭೇದಿ, ಸಾಲು ಸಾವು. ಪ್ರತಿ ಸಲವೂ ನಡೆಯುವುದು ಒಂದೇ ಥರ. ಮಂತ್ರಿಗಳು ಬರುತ್ತಾರೆ, ಕೆಳಗಿನ ನೌಕರ ಅಮಾನತ್ತಾಗುತ್ತಾನೆ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ. ಪೈಪು ಯಾಕೆ ಚರಂಡಿಯೊಳಗೆ ಹಾಯ್ದಿತ್ತು ಅನ್ನುವ ಪ್ರಶ್ನೆ ಕಡತದೊಳಗೆ ಮಲಗುತ್ತದೆ.

ಕೇರಿಗೆ ಊರು ಹೇಗೋ, ಹೊಳೆಯ ಕೆಳಗಿನ ತಾಲೂಕುಗಳಿಗೆ ಮೇಲಿನ ಕಾರ್ಖಾನೆಗಳು ಹಾಗೆ. ೧೯೮೦ರ ದಶಕದಲ್ಲಿ ಹರಿಹರದ ಹತ್ತಿರದ ಹರಿಹರ್ ಪಾಲಿಫೈಬರ್ಸ್ ಕಾರ್ಖಾನೆಯ ನೀರಿನಿಂದ ತುಂಗಭದ್ರೆ ಕೆಡುತ್ತಿದೆ, ಮೀನು ಸಾಯುತ್ತಿವೆ ಅಂತ ಹೊಳೆದಂಡೆಯ ಜನ ಎದ್ದರು. ಧಾರವಾಡದಲ್ಲಿ ೧೯೮೪ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ಹೋರಾಟ ಕಟ್ಟಿತು. ಮೀನು ಹಿಡಿಯುವವರು, ಹೊಳೆಯ ನೀರನ್ನೇ ಕುಡಿಯುವ ಹಳ್ಳಿಯವರು ಬೀದಿಗೆ ಬಂದರು. ಹೊಳೆ ಯಾರಪ್ಪನ ಆಸ್ತಿ ಅನ್ನುವ ಪ್ರಶ್ನೆಯನ್ನು ನಮ್ಮ ಸೀಮೆ ಆಗಲೇ ಕೇಳಿತ್ತು. ಆದರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೧೮ರಲ್ಲಿ ದೇಶದ ೩೫೧ ಕೆಟ್ಟ ಹೊಳೆಪಾತ್ರಗಳ ಪಟ್ಟಿ ಮಾಡಿದಾಗ ಕರ್ನಾಟಕದ ೧೭ರಲ್ಲಿ ತುಂಗಭದ್ರೆಯೂ ಇತ್ತು. ಕಾರ್ಖಾನೆಯೊಂದೇ ಕಾರಣವಲ್ಲ, ಹೊಳೆದಂಡೆಯ ಪಟ್ಟಣಗಳೆಲ್ಲ ತಮ್ಮ ಚರಂಡಿಯನ್ನು ಹೊಳೆಗೆ ತಿರುಗಿಸಿವೆ.

ಇಡೀ ದೇಶದ ಕಥೆಯೂ ಅದೇ. ಅದೇ ಮಂಡಳಿಯ ೨೦೨೧ರ ವರದಿಯ ಪ್ರಕಾರ ನಮ್ಮ ಪಟ್ಟಣಗಳಲ್ಲಿ ದಿನಕ್ಕೆ ೭೨,೩೬೮ ದಶಲಕ್ಷ ಲೀಟರು ಕೊಳಚೆ ಹುಟ್ಟುತ್ತದೆ. ಅದರಲ್ಲಿ ನಿಜವಾಗಿ ಶುದ್ಧವಾಗುತ್ತಿದ್ದದ್ದು ೨೦,೨೩೬ ದಶಲಕ್ಷ ಲೀಟರು. ಹತ್ತು ಕೊಡದಲ್ಲಿ ಮೂರು ಕೊಡವೂ ಪೂರ್ತಿ ಇಲ್ಲ. ಉಳಿದ ಏಳು ಕೊಡ ಹಳ್ಳಕ್ಕೆ, ಕೆರೆಗೆ, ಹೊಳೆಗೆ. ಚಂದ್ರನ ಮೇಲೆ ಇಳಿದ ದೇಶ ತನ್ನ ಬಚ್ಚಲ ನೀರನ್ನು ಇನ್ನೂ ಪಕ್ಕದವನ ಮನೆ ಮುಂದೆ ಬಿಡುತ್ತಿದೆ.

ಶುದ್ಧ, ಅಶುದ್ಧ ಅನ್ನುವ ಮಾತು ನಮ್ಮ ದೇಶಕ್ಕೆ ಹೊಸದಲ್ಲ. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು, ಅವರ ಹಿಂದೆ ಸಾವಿರಾರು ಜನ ಕುಡಿದರು. ಕೆರೆ ಮೈಲಿಗೆಯಾಯಿತು ಅಂತ ಸವರ್ಣೀಯರು ಸಗಣಿ, ಗಂಜಲ ಬೆರೆಸಿದ ಕೊಡಗಳನ್ನು ಅದಕ್ಕೆ ಸುರಿದು ಶುದ್ಧಿ ಮಾಡಿದರು! ಮನುಷ್ಯ ಮುಟ್ಟಿದರೆ ಕೆಡುವ ನೀರು ಸಗಣಿ ಬಿದ್ದರೆ ಶುದ್ಧವಾಗುತ್ತದೆ. ಈ ಬುದ್ಧಿ ಇನ್ನೂ ಸತ್ತಿಲ್ಲ. ತನ್ನ ಹೊಲಸು ಕಣ್ಣಿಗೆ ಕಾಣದ ಕಡೆ ಹರಿದು ಹೋದರೆ ತಾನು ಶುದ್ಧನಾದೆ ಅಂದುಕೊಳ್ಳುತ್ತದೆ. ಆ ಹೊಲಸನ್ನು ಎತ್ತುವವನನ್ನು ಮಾತ್ರ ಅಶುದ್ಧ ಅನ್ನುತ್ತದೆ. ಚರಂಡಿಯ ರಾಜಕೀಯ ಇಷ್ಟರಲ್ಲೇ ಇದೆ.

ಈಗ ಎತ್ತುವವನ ಮಾತಿಗೆ ಬರೋಣ. ೧೯೭೦ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ೧೯೭೩ರಲ್ಲಿ ಬೂಸಾ ಗಲಾಟೆ ಎಬ್ಬಿಸಿ ಅವರ ಕುರ್ಚಿ ಕಿತ್ತುಕೊಂಡವರು ಯಾರು ಅಂತ ನಿಮಗೆ ಗೊತ್ತು. ೧೯೭೬ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬಗ್ಗೆ ವರದಿ ಕೊಟ್ಟಿತು, ೫೦೦ ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ವರದಿ ಹಳೆಯದಾಯಿತು, ಗುತ್ತಿಗೆ ಪದ್ಧತಿ ಹೊಸದಾಗಿ ಬಂತು. ೨೦೧೦ರ ಜುಲೈನಲ್ಲಿ ಸವಣೂರಿನ ಭಂಗಿ ಬಂಧುಗಳು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದನ್ನು ಪ್ರತಿಭಟಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಕರ್ನಾಟಕ ಒಂದು ವಾರ ತಲೆ ತಗ್ಗಿಸಿತು. ಆಮೇಲೆ ಎತ್ತಿಕೊಂಡಿತು.

೨೦೧೩ರಲ್ಲಿ ಬಂದ ಮಲ ಹೊರುವ ಪದ್ಧತಿ ನಿಷೇಧದ ಕಾಯಿದೆಯನ್ನು ಹಾಸ್ಟೆಲಿನ ಪ್ರತಿಯೊಬ್ಬರೂ ಓದಬೇಕು. ಒಣ ಪಾಯಿಖಾನೆ ಬಳಿಯುವವರು ಮಾತ್ರ ಅದರ ಲೆಕ್ಕಕ್ಕೆ ಬರುತ್ತಾರೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ತಪ್ಪು. ಸರಿಯಿಲ್ಲದ ಪಾಯಿಖಾನೆಯ ಮಲ ಹರಿದು ಬರುವ ತೆರೆದ ಚರಂಡಿಯನ್ನು ಕೈಯಿಂದ ಬಳಿಸುವುದೂ ಆ ಕಾಯಿದೆಯ ಪ್ರಕಾರ ಮಲ ಹೊರಿಸುವುದೇ. ೨೦೧೯ರ ಅಕ್ಟೋಬರ್ ೨ರಂದು ದೇಶ ಬಯಲು ಶೌಚದಿಂದ ಮುಕ್ತವಾಯಿತು ಅಂತ ಸಾರಿದರು. ಪಾಯಿಖಾನೆ ಕಟ್ಟಿದರು, ಒಳ್ಳೆಯದೇ. ಆದರೆ ಗುಂಡಿ ತೋಡದೆ ಪೈಪನ್ನು ನೇರ ಚರಂಡಿಗೆ ಬಿಟ್ಟ ಮನೆಗಳೆಷ್ಟು? ಆ ಚರಂಡಿಗೆ ಸಲಿಕೆ ಹಿಡಿದು ಇಳಿದವರು ಯಾವ ಕೇರಿಯವರು? ಮಳೆಗಾಲಕ್ಕೆ ಮುಂಚೆ "ಹೂಳು ತೆಗೆಯುವ ಕಾಮಗಾರಿ" ಅಂತ ಬಿಲ್ಲು ಬರೆಯುತ್ತಾರಲ್ಲ, ಆ ಹೂಳಿನ ನಿಜವಾದ ಹೆಸರೇನು?

ಸುಪ್ರೀಂ ಕೋರ್ಟು ೨೦೧೪ರ ಮಾರ್ಚ್ ೨೭ರಂದು, ೧೯೯೩ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಮನೆಗೆಲ್ಲ ೧೦ ಲಕ್ಷ ರೂಪಾಯಿ ಕೊಡಿ ಅಂದಿತು. ೨೦೨೩ರ ಅಕ್ಟೋಬರಿನಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆ ಏರಿತು. ಸಾವು ನಿಲ್ಲಲಿಲ್ಲ. ಯಾಕಂದರೆ ಹೊಲಸು ಹುಟ್ಟುವ ಕಡೆ ಯಾರೂ ಕೈ ಹಾಕಿಲ್ಲ, ಅದು ಬಂದು ಸೇರುವ ಕಡೆ ಮಾತ್ರ ನಮ್ಮವರ ಕೈ ಹಾಕಿಸುತ್ತಾರೆ.

ಕಾಯಿದೆ ಇಲ್ಲದೆ ಹೀಗಾಯಿತೇ? ಇಲ್ಲ. ಹೊಳೆ ಕೆಡಿಸಬಾರದು ಅನ್ನುವ ಜಲ ಮಾಲಿನ್ಯ ಕಾಯಿದೆ ೧೯೭೪ರಲ್ಲೇ ಬಂತು. ಚರಂಡಿ, ನೈರ್ಮಲ್ಯ ನೋಡಿಕೊಳ್ಳುವುದು ಹಳ್ಳಿಯಲ್ಲಿ ಪಂಚಾಯಿತಿಯ, ಪಟ್ಟಣದಲ್ಲಿ ಪುರಸಭೆಯ ಹೊಣೆ. ಇನ್ನೊಂದು ಮಾತು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ೧೯೮೯ರ ದೌರ್ಜನ್ಯ ತಡೆ ಕಾಯಿದೆಯಲ್ಲಿ, ಪರಿಶಿಷ್ಟರು ಬಳಸುವ ಬಾವಿ, ಕೆರೆ, ಚಿಲುಮೆಯ ನೀರನ್ನು ಕೆಡಿಸುವುದು ಕೂಡ ದೌರ್ಜನ್ಯ ಅಂತ ಬರೆದಿದೆ. ಬೈದರೆ, ಹೊಡೆದರೆ ಮಾತ್ರ ದೌರ್ಜನ್ಯವಲ್ಲ. ನಮ್ಮ ಕೇರಿಯ ಬಾವಿಗೆ ಗೊತ್ತಿದ್ದೂ ಕೊಳಚೆ ತಿರುಗಿಸಿದರೆ ಅದನ್ನು "ಚರಂಡಿ ಸಮಸ್ಯೆ" ಅನ್ನಬೇಕಾಗಿಲ್ಲ, ಅದರ ಸರಿಯಾದ ಹೆಸರಿನಿಂದಲೇ ಕರೆಯಬಹುದು.

ಹೊರ ದೇಶದಲ್ಲಿ ಇದನ್ನು ಹೇಗೆ ನೋಡಿದರು ಅಂತ ತಿಳಿಯುವುದೂ ಒಳ್ಳೆಯದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಚೆಸಪೀಕ್ ಅನ್ನುವ ದೊಡ್ಡ ಕೊಲ್ಲಿ ಇದೆ. ಆರು ರಾಜ್ಯಗಳ ಮತ್ತು ರಾಜಧಾನಿ ವಾಷಿಂಗ್ಟನ್ನಿನ ಮಳೆ ನೀರು ಅಲ್ಲಿಗೆ ಸೇರುತ್ತದೆ. ನಮ್ಮ ಹಿನ್ನೀರಿನ ಹಾಗೇ ಅದೂ ಗೊಬ್ಬರದ ನೀರಿನಿಂದ, ಹೂಳಿನಿಂದ ಕೆಟ್ಟಿತು. ೧೯೭೨ರಲ್ಲಿ ನೀರಿನ ಕಾಯಿದೆ ಬಂದು ಕಾರ್ಖಾನೆಗಳ ಕೊಳವೆಗೆ ಕಡಿವಾಣ ಬಿತ್ತು. ಕೊಳವೆ ಹಿಡಿದರೂ ನೀರು ಸರಿಹೋಗಲಿಲ್ಲ, ಯಾಕಂದರೆ ರಸ್ತೆಯ ಮೇಲಿನ, ಛಾವಣಿಯ ಮೇಲಿನ ಮಳೆಯೂ ಹೊಲಸು ಹೊರುತ್ತದೆ. ೧೯೮೭ರಲ್ಲಿ ಮಳೆ ನೀರಿನ ಚರಂಡಿಯನ್ನೂ ಕಾಯಿದೆಯೊಳಗೆ ತಂದರು. ೨೦೧೦ರ ಡಿಸೆಂಬರಿನಲ್ಲಿ ಯಾವ ರಾಜ್ಯ ಎಷ್ಟು ಹೊಲಸು ಬಿಡಬಹುದು ಅಂತ ಲೆಕ್ಕ ಕಟ್ಟಿದರು. ೨೦೧೨ರಲ್ಲಿ ಮೇರಿಲ್ಯಾಂಡ್ ರಾಜ್ಯ ದೊಡ್ಡ ಪಟ್ಟಣ, ಜಿಲ್ಲೆಗಳಿಗೆ ಒಂದು ನಿಯಮ ಮಾಡಿತು: ನೀರು ಇಂಗದ ಹಾಗೆ ಎಷ್ಟು ನೆಲ ಮುಚ್ಚಿದ್ದೀರೋ ಅದಕ್ಕೆ ತಕ್ಕ ಶುಲ್ಕ. ಉಳ್ಳವರು ಬಿಟ್ಟಾರೆಯೇ? "ಮಳೆಗೂ ತೆರಿಗೆ" ಅಂತ ಗೇಲಿ ಮಾಡಿದರು, ೨೦೧೫ರಲ್ಲಿ ಅದು ಕಡ್ಡಾಯವಲ್ಲ ಅಂತಾಯಿತು. ೨೦೨೫ರ ಹೊತ್ತಿಗೆ ಮುಟ್ಟಬೇಕಿದ್ದ ಗುರಿಯನ್ನೂ ಪೂರ್ತಿ ಮುಟ್ಟಲಿಲ್ಲ.

ಅದೇ ಅಮೆರಿಕದಲ್ಲಿ, ಕರಿಯ ಜನ ಹೆಚ್ಚಾಗಿರುವ ಫ್ಲಿಂಟ್ ಪಟ್ಟಣಕ್ಕೆ ೨೦೧೪ರಲ್ಲಿ ಖರ್ಚು ಉಳಿಸಲು ನೀರಿನ ಮೂಲ ಬದಲಿಸಿ, ನಲ್ಲಿಯಲ್ಲಿ ಸೀಸ ಬರುವ ಹಾಗೆ ಮಾಡಿದರು. ತಾಯಂದಿರು ಕೊಳಕು ನೀರಿನ ಬಾಟಲಿ ಹಿಡಿದು ತೋರಿಸಿದರೂ ಅಧಿಕಾರಿಗಳು ನಂಬಲಿಲ್ಲ. ಆದ್ದರಿಂದ ಅಮೆರಿಕವನ್ನು ನಾವು ಹೊಗಳುತ್ತಿಲ್ಲ. ಅಲ್ಲಿಂದ ಕಲಿಯುವುದು ಒಂದೇ ಒಂದು: ನೀರಿನ ಲೆಕ್ಕವನ್ನು ಚರಂಡಿಯ ಕೊನೆಯಿಂದಲ್ಲ, ಮೊದಲಿನಿಂದ ಹಾಕಬೇಕು. ದೊಡ್ಡ ಛಾವಣಿ ಯಾರದು, ಸಿಮೆಂಟು ಹಾಕಿದ ದೊಡ್ಡ ಅಂಗಳ ಯಾರದು, ಕಲ್ಯಾಣ ಮಂಟಪ, ಹೋಟೆಲು, ಅಕ್ಕಿ ಗಿರಣಿ, ಆಸ್ಪತ್ರೆ ಯಾರದು, ಅಲ್ಲಿಂದ ಶುರುವಾಗಬೇಕು.

ಒಂದು ಎಚ್ಚರಿಕೆ. ಬೆಂಗಳೂರನ್ನು ನೋಡಿ. ಕೆರೆಯ ಸುತ್ತ ೭೫ ಮೀಟರು ಕಟ್ಟಡ ಬೇಡ, ರಾಜಕಾಲುವೆಯ ಅಂಚಿನಲ್ಲೂ ಜಾಗ ಬಿಡಿ ಅಂತ ಹಸಿರು ನ್ಯಾಯಮಂಡಳಿ ೨೦೧೬ರ ಮೇ ೪ರಂದು ಹೇಳಿತು. ಕಟ್ಟಡದ ಕಂಪನಿಗಳು, ಸರ್ಕಾರ ಎಲ್ಲ ಸುಪ್ರೀಂ ಕೋರ್ಟಿಗೆ ಹೋಗಿ ೨೦೧೯ರ ಮಾರ್ಚ್ ೫ರಂದು ಅದನ್ನು ರದ್ದು ಮಾಡಿಸಿಕೊಂಡರು, ಕೆರೆಗೆ ಹಳೆಯ ೩೦ ಮೀಟರೇ ಉಳಿಯಿತು. ದೊಡ್ಡವರು ಒತ್ತುವರಿ ಮಾಡಿದರೆ ನಿಯಮದ ಅಳತೆಯೇ ಕಿರಿದಾಗುತ್ತದೆ. ಅದೇ ಕೆರೆಯ ಅಂಗಳದಲ್ಲಿ ಬಡವನ ಜೋಪಡಿ ಇದ್ದರೆ ಬುಲ್ಡೋಜರು ಬೆಳಗಿನ ಜಾವವೇ ಬರುತ್ತದೆ. ನಾಳೆ ನಮ್ಮ ತಾಲೂಕುಗಳಲ್ಲೂ "ಕೆರೆ ಸೌಂದರ್ಯೀಕರಣ" ಅಂತ ಬಂದಾಗ ಮೊದಲು ಎಬ್ಬಿಸುವುದು ಯಾರನ್ನು ಅಂತ ಹೇಳಲು ಮೈಲಾರದ ಕಾರಣಿಕ ಬೇಕಾಗಿಲ್ಲ. ತಗ್ಗಿಗೆ ನೂಕಿದವರೇ ಇಂದು "ನೀವು ನೀರಿನ ದಾರಿಯಲ್ಲಿ ಕೂತಿದ್ದೀರಿ, ಏಳಿ" ಅಂದರೆ ನಾವು ಒಪ್ಪುವುದಿಲ್ಲ. ಎತ್ತರದಲ್ಲಿ ನಿವೇಶನ ಕೊಡಿ, ಹಕ್ಕುಪತ್ರ ಕೊಡಿ, ಮನೆ ಕಟ್ಟಿಕೊಡಿ, ಆಮೇಲೆ ಮಾತಾಡೋಣ.

ನಮ್ಮ ಬೇಡಿಕೆ ಸ್ಪಷ್ಟ. ಮೇಲಿನ ಓಣಿಯ ಕೊಳಚೆ ಮೇಲಿನ ಓಣಿಯಲ್ಲೇ ಇಂಗಬೇಕು, ಇಲ್ಲವೇ ಶುದ್ಧವಾಗಬೇಕು. ಯಾವ ಚರಂಡಿಯೂ ನಮ್ಮ ಕೇರಿಯಲ್ಲಿ ಬಾಯಿ ಬಿಟ್ಟು ಕೊನೆಯಾಗಬಾರದು. ಕುಡಿಯುವ ನೀರಿನ ಪೈಪು ಚರಂಡಿಯೊಳಗೆ ಒಂದು ಮಾರೂ ಹಾಯಬಾರದು. ಪಾಯಿಖಾನೆಯ ಕೊಳವೆಯನ್ನು ತೆರೆದ ಚರಂಡಿಗೆ ಬಿಟ್ಟವರಿಗೆ ನೋಟೀಸು ಕೊಡಬೇಕು, ಅವರು ಗೌಡರಾಗಿರಲಿ, ಲೀಡರಾಗಿರಲಿ. ಹಾಗೆ ನೋಟೀಸು ಕೊಡುವಾಗ ಗುಂಡಿ ತೋಡಲು ಜಾಗವಿಲ್ಲದ ಬಡವರಿಗೆ ಪಂಚಾಯಿತಿ ತಾನೇ ಗುಂಡಿ ಕಟ್ಟಿಕೊಡಬೇಕು. ಚರಂಡಿಗೆ ಮನುಷ್ಯ ಇಳಿಯಬಾರದು, ಯಂತ್ರ ಬರಬೇಕು. ಯಂತ್ರ ನಡೆಸುವ ಕೆಲಸ ಇಷ್ಟು ದಿನ ಸಲಿಕೆ ಹಿಡಿದವರಿಗೇ ಸಿಗಬೇಕು, ಗುತ್ತಿಗೆಯಲ್ಲಲ್ಲ, ಕಾಯಂ ಆಗಿ. ಹೊಳೆದಂಡೆಯ ಪಟ್ಟಣ, ಕಾರ್ಖಾನೆಗಳ ನೀರಿನ ಪರೀಕ್ಷೆಯ ಫಲಿತಾಂಶ ಕೆಳಗಿನ ಹಳ್ಳಿಗಳ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು.

ಹಾಸ್ಟೆಲಿನ ಗೆಳೆಯರೆ, ನಿಮಗೊಂದು ಕೆಲಸ ಹೇಳುತ್ತೇವೆ. ರಜೆಗೆ ಊರಿಗೆ ಹೋದಾಗ ಒಂದು ನೋಟ್ ಬುಕ್ಕು ತಗೊಳ್ಳಿ. ನಿಮ್ಮ ಕೇರಿಯ ಮುಂದಿನ ಚರಂಡಿಯ ಜೊತೆಗೆ ಮೇಲಕ್ಕೆ ನಡೆಯಿರಿ. ಕೆಳಗಿಂದ ಮೇಲಕ್ಕೆ. ಯಾವ ಯಾವ ಬೀದಿಯ ನೀರು ಎಲ್ಲೆಲ್ಲಿ ಸೇರುತ್ತದೆ, ಯಾವ ಮನೆಯ ಪಾಯಿಖಾನೆ ಕೊಳವೆ ಕಾಣುತ್ತದೆ, ಕುಡಿಯುವ ನೀರಿನ ಪೈಪು ಎಲ್ಲಿ ಚರಂಡಿ ದಾಟುತ್ತದೆ, ಎಲ್ಲಿ ಜಾಯಿಂಟು ಸೋರುತ್ತದೆ, ಬೋರ್‌ವೆಲ್ಲಿಗೂ ಚರಂಡಿಗೂ ಎಷ್ಟು ಹೆಜ್ಜೆ, ಬರೆಯಿರಿ. ಗೆರೆ ಎಳೆದು ನಕ್ಷೆ ಮಾಡಿ. ಕಳೆದ ಐದು ವರ್ಷ ಕೇರಿಯ ಹೆಸರಲ್ಲಿ ಚರಂಡಿಗೆ ಖರ್ಚಾದ ಹಣದ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ಟು ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಣ್ಣ ಶೀಶೆ ಇರುತ್ತದೆ, ನಲ್ಲಿಯ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರಿಗೆ ಹೊಲಸು ಸೇರಿದೆ ಅಂತ ತಿಳಿಯಬೇಕು. ಕಿಟ್ಟು ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ಮೊದಲ ಮಳೆ ಬಿದ್ದ ಮಾರನೆಯ ದಿನವೇ ಪರೀಕ್ಷೆ ಮಾಡಿಸಿ. ಕಪ್ಪಾದ ಶೀಶೆಯನ್ನು ಗ್ರಾಮ ಸಭೆಯ ಮೇಜಿನ ಮೇಲೆ ಇಡಿ.

ಗ್ರಾಮ ಸಭೆಯಲ್ಲಿ ನಿಮ್ಮನ್ನು "ಓದಾಕ ಹೋದೋರು ಓದ್ರಿ, ಇದ್ಯಾಕ ಬೇಕು ನಿಮಗ" ಅಂತ ಕೂರಿಸಲು ನೋಡುತ್ತಾರೆ. ನಿಮ್ಮ ಅಪ್ಪನೇ ಹೆದರಿ ಸುಮ್ಮನಿರು ಅನ್ನಬಹುದು, ಅವರ ಕೂಲಿ ಆ ಹೊಲದಲ್ಲಿದೆ. ಅಪ್ಪನ ಮೇಲೆ ಸಿಟ್ಟಾಗಬೇಡಿ. ಒಬ್ಬರೇ ಹೋಗಬೇಡಿ. ಹತ್ತು ಜನ ಹೋಗಿ, ಹೆಣ್ಣುಮಕ್ಕಳನ್ನು ಮುಂದೆ ಕರೆದುಕೊಂಡು ಹೋಗಿ. ನೀರು ಹೊರುವವರು ಅವರು, ಆ ನೀರಿನ ರೋಗ ಬಂದಾಗ ರಾತ್ರಿಯೆಲ್ಲ ಎದ್ದು ಕೂರುವವರೂ ಅವರೇ. ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯಿರಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯುವವರೆಗೂ ಎದ್ದು ಬರಬೇಡಿ.

ಐದೂ ತಾಲೂಕಿನಿಂದ ಇಂಥ ಐವತ್ತು ನಕ್ಷೆ ಬಂದರೆ ಅವನ್ನು ಒಟ್ಟು ಜೋಡಿಸಿ ಜಿಲ್ಲಾಧಿಕಾರಿಯ ಕಚೇರಿಗೆ ನಾವೆಲ್ಲ ಸೇರಿ ಒಯ್ಯೋಣ. ಚರಂಡಿ ಎಲ್ಲಿ ಕೊನೆಯಾಗುತ್ತದೆ ಅಂತ ಈ ದೇಶಕ್ಕೆ ಮೊದಲಿನಿಂದಲೂ ಗೊತ್ತು. ಅದು ಎಲ್ಲಿಂದ ಹೊರಡುತ್ತದೆ ಅನ್ನುವುದನ್ನು ಮನೆ ನಂಬರಿನ ಸಮೇತ ಬರೆದು ತೋರಿಸುವ ಕೆಲಸ ನಮ್ಮದು. ಮುಂದಿನ ಮುಂಗಾರಿಗೆ ಮುಂಚೆ ಅದು ಮುಗಿಯಬೇಕು.

ಜೈ ಭೀಮ್.